ಪರಮಾಣು ಸಂಖ್ಯೆ 118

ರಜೆಗೆ ಬಂದಿದ್ದ ಮಗಳು ವಾಪಸು ಹೋಗುವಾಗ ಒಂದು ಚಾರ್ಜರು, ಅರ್ಧ ಡಬ್ಬಿ ಚಟ್ನಿಪುಡಿ ಮತ್ತು ಒಂದು ಇಂಗ್ಲಿಷ್ ಕಾದಂಬರಿಯನ್ನು ಮರೆತು ಹೋದಳು. ಚಾರ್ಜರನ್ನು ಕೊರಿಯರ್ ಮಾಡಿದೆವು. ಚಟ್ನಿಪುಡಿಯನ್ನು ನಾವೇ ಮುಗಿಸಿದೆವು. ಉಳಿದ ಕಾದಂಬರಿಯನ್ನು ಏನು ಮಾಡುವುದೆಂದು ತೋಚದೆ ಓದಲು ಕೂತೆ. ಬೆಕಿ ಆಲ್ಬರ್ಟಲಿ ಬರೆದ, 2015ರಲ್ಲಿ ಪ್ರಕಟವಾದ ‘ಸೈಮನ್ ವರ್ಸಸ್ ದ ಹೋಮೋ ಸೇಪಿಯನ್ಸ್ ಅಜೆಂಡಾ’. ಇಂಥವನ್ನು ‘ಯಂಗ್ ಅಡಲ್ಟ್’ ಅನ್ನುತ್ತಾರಂತೆ. ನನಗೆ ಐವತ್ತಾರು. ಯಂಗ್ ಅಲ್ಲವೆಂದು ಮೊಣಕಾಲು ಹೇಳುತ್ತದೆ, ಅಡಲ್ಟ್ ಅಲ್ಲವೆಂದು ಹೆಂಡತಿ ಹೇಳುತ್ತಾಳೆ.

ಕಥೆ ನಡೆಯುವುದು ಅಮೆರಿಕದ ಅಟ್ಲಾಂಟಾದ ಹೊರವಲಯದಲ್ಲಿ. ಹೈಸ್ಕೂಲು ಹುಡುಗ ಸೈಮನ್‌ಗೆ ಹುಡುಗರೆಂದರೆ ಇಷ್ಟ. ಇದು ಗೊತ್ತಿರುವುದು ಒಬ್ಬನಿಗೆ ಮಾತ್ರ: ಅದೇ ಶಾಲೆಯ ಇನ್ನೊಬ್ಬ ಹುಡುಗ, ಇ-ಮೇಲ್‌ನಲ್ಲಿ ‘ಬ್ಲೂ’ ಎಂದು ಹೆಸರಿಟ್ಟುಕೊಂಡವನು. ಇಬ್ಬರೂ ಹೆಸರು ಮರೆಸಿಕೊಂಡು ಬರೆದುಕೊಳ್ಳುತ್ತಾರೆ. ಹೀಗಿರಲಾಗಿ ಸೈಮನ್ ಶಾಲೆಯ ಲೈಬ್ರರಿ ಕಂಪ್ಯೂಟರಿನಲ್ಲಿ ಲಾಗೌಟ್ ಮಾಡದೆ ಎದ್ದುಹೋಗುತ್ತಾನೆ. ಮಾರ್ಟಿನ್ ಎಂಬ ಕಿಡಿಗೇಡಿ ಪತ್ರಗಳನ್ನು ಓದಿ, ಸ್ಕ್ರೀನ್‌ಶಾಟ್ ಹಿಡಿದು, ನಿನ್ನ ಗೆಳತಿಯೊಂದಿಗೆ ನನ್ನನ್ನು ಜೋಡಿಸು, ಇಲ್ಲದಿದ್ದರೆ ನೋಡು ಎಂದು ಕೂರುತ್ತಾನೆ. ಇಲ್ಲಿಗೆ ಬಂದಾಗ ನಾನು ಪುಸ್ತಕ ಮಗುಚಿಟ್ಟು ಮೂಲೆಯ ಜೆರಾಕ್ಸ್ ಅಂಗಡಿಗೆ ಓಡಿದೆ. ಹಿಂದಿನ ದಿನ ಕರೆಂಟ್ ಬಿಲ್ ಪ್ರಿಂಟ್ ತೆಗೆಸುವಾಗ ನಾನೂ ಲಾಗೌಟ್ ಮಾಡಿರಲಿಲ್ಲ. ಮಾಡಿದ್ದರೆ ಏನಾಗುತ್ತಿತ್ತು, ಬಿಟ್ಟರೆ ಏನಾಗುತ್ತಿತ್ತು? ನನ್ನ ಪತ್ರವ್ಯವಹಾರ ಇರುವುದು ಎಲ್ಐಸಿಯೊಂದಿಗೆ ಮಾತ್ರ. ಆದರೂ ಓಡಿದೆ.

ನನ್ನ ನಿಜವಾದ ಕಷ್ಟ ಬೇರೆ ಇತ್ತು. ಪುಟಕ್ಕೊಂದು ಸಲ ಎದೆ ಧಸಕ್ಕೆನ್ನುತ್ತಿತ್ತು. ನಾವು ಬೆಳೆದ ಕಾದಂಬರಿಗಳಲ್ಲಿ ಯಾರಾದರೂ ಮನಸಾರೆ ನಕ್ಕರೆ ಮುಂದಿನ ಪುಟದಲ್ಲಿ ಟೆಲಿಗ್ರಾಂ ಬರುತ್ತಿತ್ತು. ಪ್ರೀತಿ ಕೊಂಚ ಗೆರೆ ದಾಟಿದರೆ ಚಿತ್ರದುರ್ಗದ ಬೆಟ್ಟದ ತುದಿಗೇ ಹೋಗಬೇಕೆಂದು 1972ರಲ್ಲೇ ‘ನಾಗರಹಾವು’ ಸಿನಿಮಾ ಕಲಿಸಿಕೊಟ್ಟಿದೆ. ರಾಮಾಚಾರಿ, ಮಾರ್ಗರೆಟ್ ಹೋದದ್ದಲ್ಲದೆ ಪಾಪ, ಚಾಮಯ್ಯ ಮೇಷ್ಟ್ರನ್ನೂ ಮೊದಲೇ ಕಳಿಸಿದ್ದರು. ಸೈಮನ್‌ನಂತೆಯೇ ಗಂಡಸರನ್ನು ಇಷ್ಟಪಡುವವನ ಕಥೆ ಹೇಳುವ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಓದಿ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗಪ್ರೇಮವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿತು. ಅದರ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರಿನಲ್ಲಿ. ಇಷ್ಟೆಲ್ಲ ಕಂಡವನು ಸೈಮನ್‌ನನ್ನು ಹೇಗೆ ನಂಬಲಿ? ಅವನು ಕಾರು ಹತ್ತಿದರೆ ಅಪಘಾತವಾಗುತ್ತದೆಂದು ಕಾದೆ. ಬೀರು ಕುಡಿದರೆ ಲಿವರ್ ನೆನೆದು ಮರುಗಿದೆ. ಕೊನೆಗೆ ಜಾತ್ರೆಯಂಥದೊಂದು ಕಡೆ ಗಿರಗಿರ ತಿರುಗುವ ಯಂತ್ರವನ್ನು ಅವನು ಹತ್ತಿದಾಗ, ಬಂತಲ್ಲಪ್ಪ ಚಿತ್ರದುರ್ಗ, ಬೋಲ್ಟು ಕಳಚಿತು ಎಂದೇ ಕಣ್ಣು ಮುಚ್ಚಿದೆ. ಬೋಲ್ಟು ಗಟ್ಟಿಯಾಗಿತ್ತು. ಹುಡುಗರು ಕ್ಷೇಮವಾಗಿ ಇಳಿದರು. ನನಗೆ ಸಂತೋಷವಾಗಬೇಕಿತ್ತು, ಮೋಸ ಹೋದಂತಾಯಿತು. ಈ ಹುಡುಗನ ಮುಖ್ಯ ಆಹಾರ ಓರಿಯೋ ಬಿಸ್ಕತ್ತು, ನಾಯಿಯ ಹೆಸರು ಬೀಬರ್. ಇಂಥವರಿಗೆ ಸುಖಾಂತ ಸಿಕ್ಕರೆ ನಮ್ಮ ಮೋಹನಸ್ವಾಮಿಗೆ ಯಾರು ಲೆಕ್ಕ ಕೊಡುತ್ತಾರೆ?

ತಲೆಬರಹದ ‘ಅಜೆಂಡಾ’ ಏನೆಂದರೆ, ಹುಡುಗರನ್ನು ಇಷ್ಟಪಡುವ ಹುಡುಗ ಮಾತ್ರ ಅಪ್ಪ ಅಮ್ಮನ ಮುಂದೆ ಬೆವರುತ್ತ ಘೋಷಣೆ ಮಾಡಬೇಕಾದದ್ದು ಏಕೆ, ಎಲ್ಲ ಮನುಷ್ಯರೂ ಮಾಡಲಿ ಅನ್ನುವುದು. ನ್ಯಾಯವಾದ ಮಾತು. ಆದರೆ ನಮ್ಮ ಮನೆಯಲ್ಲಿ 1988ರ ಸುಮಾರಿಗೆ ನಾನು ಹಾಲ್‌ನಲ್ಲಿ ನಿಂತು, “ಅಪ್ಪಾ, ನನಗೆ ಹುಡುಗಿಯರು ಇಷ್ಟ” ಎಂದು ಘೋಷಿಸಿದ್ದರೆ? ಅಪ್ಪ ಪೇಪರಿನಿಂದ ತಲೆ ಎತ್ತದೆ “ಯಾವ ಜನ?” ಅನ್ನುತ್ತಿದ್ದರು. ಅಮ್ಮ ಒಳಗಿನಿಂದಲೇ “ಅಯ್ಯೋ ಯಾವಳೋ ಅವಳು!” ಎಂದು ಸೌಟು ಹಿಡಿದು ಬರುತ್ತಿದ್ದಳು. ಸೈಮನ್ ಕ್ರಿಸ್‌ಮಸ್ ದಿನ ಮನೆಯವರಿಗೆ ಹೇಳಿದಾಗ ಅವನಪ್ಪ ಒಂದು ಹಳಸಲು ಜೋಕು ಹೊಡೆಯುತ್ತಾನೆ. ಹುಡುಗನಿಗೆ ಅದು ಚುಚ್ಚುತ್ತದೆ. ನನಗೂ ಚುಚ್ಚಿತು, ಏಕೆಂದರೆ ಆ ಜಾಗದಲ್ಲಿ ನಾನಿದ್ದಿದ್ದರೆ ಅದಕ್ಕಿಂತ ಹಳಸಲು ಜೋಕನ್ನೇ ಹೊಡೆಯುತ್ತಿದ್ದೆ.

ಪಾರ್ಕಿನ ಕಲ್ಲುಬೆಂಚಿನ ಮೇಲೆ ಓದುತ್ತಿದ್ದಾಗ ಪಕ್ಕದ ಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ರಟ್ಟು ನೋಡಿದರು. “ಹೋಮೋ ಸೇಪಿಯನ್ಸ್! ‘ಸೇಪಿಯನ್ಸ್’ ಬರೆದ ಹರಾರಿದು ಹೊಸದೇನ್ರೀ?” ನಾನು ಬಾಯಿ ತೆರೆಯುವುದರೊಳಗೆ, “ಮುಗಿದ ಮೇಲೆ ಕೊಡಿ, ಮಾನವ ವಿಕಾಸ ಅಂದ್ರೆ ನನಗೆ ಪ್ರಾಣ” ಅಂದರು. ಬಿಡಿಸಿ ಹೇಳುವ ಧೈರ್ಯವಾಗಲಿಲ್ಲ. ವಿಕಾಸವೇ ಅಲ್ಲವೇ, ಒಂದು ರೀತಿಯಲ್ಲಿ ಎಂದುಕೊಂಡು ಮುಗಿಸಿ ಕೊಟ್ಟೆ. ಆಮೇಲೆ ನಾಲ್ಕು ದಿನ ಅವರು ವಾಕಿಂಗಿಗೆ ಬರಲಿಲ್ಲ. ನಾನೂ ಹಿಂದಿನ ಗೇಟಿನಿಂದ ಓಡಾಡಿದೆ.

ಐದನೆಯ ದಿನ ಹಿಂದಿನ ಗೇಟಿನಲ್ಲೇ ಹಿಡಿದರು. ಮುಖ ಗಂಭೀರವಾಗಿತ್ತು.

“ಆ ಬ್ಲೂ ಯಾರೂಂತ ಹೇಳಬೇಡಿ, ಇನ್ನೂ ಅಲ್ಲಿಗೆ ಬಂದಿಲ್ಲ. ಅವನ ಇ-ಮೇಲ್ ಗಮನಿಸಿದ್ರಾ? ಬ್ಲೂಗ್ರೀನ್ 118.”

“ಹೂಂ ಸಾರ್.”

“ಪರಮಾಣು ಸಂಖ್ಯೆ 118, ಒಗನೆಸನ್. ಆವರ್ತಕ ಕೋಷ್ಟಕದ ಕಟ್ಟಕಡೆಯ ಧಾತು, ಜಡ ಅನಿಲಗಳ ಗುಂಪು. ಯಾರ ಜೊತೆಗೂ ಸೇರದವನು, ಕೊನೇ ಬೆಂಚು. ಅವರ ಶಾಲೆಯ ನಾಟಕದಲ್ಲಿ ಸ್ಟೇಜ್ ಮ್ಯಾನೇಜರ್ ಆಗಿರ್ತಾನಲ್ಲ, ಅವನೇ!”

ಆ ಧಾತುವಿಗೆ ಹೆಸರಿಟ್ಟದ್ದು 2016ರಲ್ಲಿ, ಕಾದಂಬರಿ ಬಂದ ಮರುವರ್ಷ ಎಂಬುದನ್ನು ಆಮೇಲೆ ಹುಡುಕಿ ತಿಳಿದೆ. ಮೇಷ್ಟ್ರಿಗೆ ಹೇಳಲಿಲ್ಲ. ನಾನೂ ಅವನನ್ನೇ ಅನುಮಾನಿಸಿದ್ದೆನೆಂದೂ ಹೇಳಲಿಲ್ಲ. “ಮಾನವ ವಿಕಾಸ ಸಿಗಲಿಲ್ಲವಲ್ಲ ಸಾರ್” ಎಂದು ಮೆಲ್ಲಗೆ ಕೆಣಕಿದೆ.

“ಸುಮ್ಮನಿರ್ರೀ, ಆ ಮಾರ್ಟಿನ್ ನನ್ನ ಕ್ಲಾಸಲ್ಲಿ ಇದ್ದಿದ್ದರೆ ಟಿ.ಸಿ. ಕೊಟ್ಟು ಕಳಿಸ್ತಿದ್ದೆ” ಎಂದು ಎರಡು ಹೆಜ್ಜೆ ಹೋದವರು ನಿಂತರು. “ಮೂವತ್ತೆರಡು ವರ್ಷ ಪಾಠ ಮಾಡ್ದೆ. ಕೊನೇ ಬೆಂಚಲ್ಲಿ ಯಾರ್ಯಾರು ಕೂತಿದ್ರೋ.” ಮತ್ತೇನೂ ಹೇಳದೆ ಹೊರಟುಹೋದರು.

ಕಳೆದ ವಾರ ಮಗಳ ಫೋನ್ ಬಂತು. “ಅಪ್ಪ, ಆ ಪುಸ್ತಕ ನನ್ನ ಫ್ರೆಂಡ್‌ದು, ಬೇಗ ಕಳಿಸು.” ಮೇಷ್ಟ್ರ ಮನೆಗೆ ಹೋದೆ. ಪುಸ್ತಕ ಅವರ ಹೆಂಡತಿಯ ಕೈಯಲ್ಲಿತ್ತು, ಅರ್ಧಕ್ಕೆ ಬಂದಿತ್ತು. ಮೇಷ್ಟ್ರು ಪಕ್ಕದಲ್ಲಿ ಕೂತು ಓರಿಯೋ ಬಿಸ್ಕತ್ತನ್ನು ಫಿಲ್ಟರ್ ಕಾಫಿಯಲ್ಲಿ ಅದ್ದುತ್ತಿದ್ದರು. ನನ್ನನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟರು.