ಆಹಾ ಎಂದವರೆಷ್ಟು, ಆಲಿಸಿದವರೆಷ್ಟು

ಬೆಳಗ್ಗೆ 6 ಗಂಟೆ 2 ನಿಮಿಷಕ್ಕೆ ರಸಿಕರ ವಾಟ್ಸಾಪ್ ಗುಂಪಿಗೆ 47 ನಿಮಿಷದ ಶಿವಮತ ಭೈರವ ಬಂದು ಬೀಳುತ್ತದೆ. ಹಾಡಿದವರು ಮಲ್ಲಿಕಾರ್ಜುನ ಮನ್ಸೂರ. 6.03ಕ್ಕೆ ಮೊದಲ ‘ಆಹಾ’. 6.04ಕ್ಕೆ ‘ಕಣ್ಣಲ್ಲಿ ನೀರು ಬಂತು ಸರ್’. 6.05ರ ಹೊತ್ತಿಗೆ ಒಬ್ಬರು ದ್ರುತ್ ಭಾಗದ ತಾನುಗಳ ಮೇಲೆ ನಾಲ್ಕು ಸಾಲು ಬರೆದು ಮುಗಿಸಿರುತ್ತಾರೆ. ಫೈಲಿನೊಳಗೆ ಮನ್ಸೂರರು ಇನ್ನೂ ಗಂಟಲು ಸರಿ ಮಾಡಿಕೊಳ್ಳುತ್ತಿದ್ದಾರೆ, ತಂಬೂರಿಯವರು ಶ್ರುತಿ ನೋಡುತ್ತಿದ್ದಾರೆ. ಇತ್ತ ಬಸವನಗುಡಿಯಲ್ಲಿ ಕಣ್ಣೀರು ಒರೆಸಿಕೊಂಡು ಹಾಲಿನ ಪ್ಯಾಕೆಟ್ ತರಲು ಹೊರಟಾಗಿದೆ.

ಶಾಸ್ತ್ರೀಯ ಸಂಗೀತ ಕೇಳುವವರೇ ಇಲ್ಲ ಎಂದು ಸಭಾಗಳ ಕಾರ್ಯದರ್ಶಿಗಳು ಗೋಳಾಡುವುದು ಸುಮ್ಮನೆ. ಅವರು ಕುರ್ಚಿ ಎಣಿಸುತ್ತಾರೆ, ಅದೇ ತಪ್ಪು. ‘ಸದ್ಯ ಇದನ್ನು ಕೇಳುತ್ತಿದ್ದೇನೆ’ ಎಂದು ಸಾರುವವರನ್ನು ಎಣಿಸಲಿ. ಬೀದರಿನಿಂದ ಚಾಮರಾಜನಗರದವರೆಗೆ ನಾದ ಉಕ್ಕಿ ಹರಿಯುತ್ತಿರುವುದು ಗೊತ್ತಾಗುತ್ತದೆ.

‘ಈಗ ಏನು ಕೇಳ್ತಿದೀರಿ?’ ಮದುವೆ ಮನೆಯ ಪಂಕ್ತಿಯಲ್ಲಿ, ಆಫೀಸಿನ ಲಿಫ್ಟಿನಲ್ಲಿ, ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತಾಗ ಈ ಪ್ರಶ್ನೆ ಎದುರಾಗುತ್ತದೆ. ಕೇಳಿದವರಿಗೆ ನಿಮ್ಮ ಅಭಿರುಚಿಯ ಮೇಲೆ ಕುತೂಹಲ ಎಂದುಕೊಂಡರೆ ನಿಮ್ಮಂಥ ಮುಗ್ಧರಿಲ್ಲ. ಹಿಂದೆ ‘ತಮ್ಮದು ಯಾವ ಕಡೆ?’ ಎಂದು ಶುರು ಮಾಡಿ, ಊರು, ಮನೆದೇವರು ಎಲ್ಲ ದಾಟಿ ಮೆಲ್ಲಗೆ ಜಾತಿಗೆ ಬಂದು ನಿಲ್ಲುತ್ತಿದ್ದರಲ್ಲ, ಇದು ಆ ವಿಚಾರಣೆಯ ಹೊಸ ಅವತಾರ. ‘ರಾಜನ್-ನಾಗೇಂದ್ರ’ ಎಂದಿರೋ, ‘ಓಹೋ, ಹಳೇ ಫಿಲಂ ಸಾಂಗ್ಸು’ ಎಂಬ ಕರುಣೆಯ ನಗೆ. ‘ಭೀಮಸೇನ ಜೋಶಿ’ ಎಂದರೆ ‘ಅವರನ್ನ ಎಲ್ಲರೂ ಕೇಳ್ತಾರೆ ಬಿಡಿ’. ‘ಮನ್ಸೂರ್’ ಎಂದರೆ ತಲೆ ಅರ್ಧ ತೂಗುತ್ತದೆ. ‘ಮನ್ಸೂರರದ್ದೇ, ಆದರೆ ಧಾರವಾಡದಲ್ಲಿ ಒಬ್ಬರ ಮನೆಯಲ್ಲಿ ನಡೆದ ಬೈಠಕ್ಕಿನದು, ರಿಲೀಸ್ ಆಗಿಲ್ಲ’ ಎಂದಾಗ ಮಾತ್ರ ನಿಮಗೆ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ.

ಈ ಮಡಿವಂತಿಕೆಯಲ್ಲಿ ಧ್ವನಿಮುದ್ರಣ ಎಷ್ಟು ಹಾಳಾಗಿದ್ದರೆ ಅಷ್ಟು ಬೆಲೆ. ಅಂಥ ಒಂದು ಕ್ಯಾಸೆಟ್ಟಿನ ಪ್ರತಿಯ ಪ್ರತಿ ಈಚೆಗೆ ಸುತ್ತಾಡಿತು. ಗಾಯಕರು ಎಲ್ಲೋ ಪಕ್ಕದ ಓಣಿಯಲ್ಲಿದ್ದಾರೆ. ತಬಲಾ ಹಂಚಿನ ಮೇಲೆ ಬಿದ್ದ ಮಳೆಯ ಹಾಗೆ ಕೇಳುತ್ತದೆ. ಮೈಕಿನ ಪಕ್ಕ ಕೂತ ಮಹನೀಯರ ಕೆಮ್ಮು ಮಾತ್ರ ನಿಚ್ಚಳ. ಹೊರಗೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಾರೆ, ಒಳಗೆ ಯಾರೋ ‘ಚಾ ತರ್ಲೇನ್ರಿ?’ ಎನ್ನುತ್ತಾರೆ. ದ್ರುತ್ ಏರಿ, ಇನ್ನೇನು ಸಮಕ್ಕೆ ಬಂದು ನಿಲ್ಲಬೇಕು, ಟೇಪು ಮುಗಿಯುತ್ತದೆ. ಆಮೇಲೆ ಎರಡು ದಿನ ಬಿಸಿಬಿಸಿ ಚರ್ಚೆ ನಡೆಯಿತು. ರಾಗದ ಮೇಲಲ್ಲ, ಕೆಮ್ಮಿದವರು ಯಾರು ಎಂಬುದರ ಮೇಲೆ. ಇದಕ್ಕಿಂತ ಎತ್ತರದ ಪೀಠದಲ್ಲಿರುವವರ ಮಾತೇ ಬೇರೆ: ‘ನನ್ನ ಹತ್ರ ಪೂರ್ತಿ ಇದೆ. ಆದ್ರೆ ಯಾರಿಗೂ ಕೊಡಲ್ಲ ಅಂತ ಮಾತು ಕೊಟ್ಟುಬಿಟ್ಟಿದೀನಿ.’ ಹೀಗೆ ಮಾತು ಕೊಟ್ಟವರಿಂದ ಮಾತು ಪಡೆದವರಿಗೆ ದಾಟುತ್ತಾ ಅದೇ ಧ್ವನಿಮುದ್ರಣ ಅರ್ಧ ಕರ್ನಾಟಕದ ಬೀರುಗಳಲ್ಲಿ ಗುಟ್ಟಾಗಿ ಬಿದ್ದಿದೆ.

ಇನ್ನು ಸಮಯದ ಪ್ರಶ್ನೆ. ಹಿಂದೂಸ್ತಾನಿಯಲ್ಲಿ ರಾಗಕ್ಕೊಂದು ಹೊತ್ತುಂಟು. ಕ್ಯಾಲಿಫೋರ್ನಿಯಾದ ಸದಸ್ಯರೊಬ್ಬರು ಮುಂಜಾನೆ ಆರಕ್ಕೆ ಎದ್ದು, ಕಾಫಿ ಲೋಟ ಹಿಡಿದು, ಶ್ರದ್ಧೆಯಿಂದ ಅಹೀರ್ ಭೈರವ ಹಾಕಿದರು. ಬೆಂಗಳೂರಿನಲ್ಲಿ ಆಗ ಸಂಜೆ. ‘ದೀಪ ಹಚ್ಚೋ ಹೊತ್ತಲ್ಲಿ ಭೈರವವೇ!’ ಎಂದು ಮಲ್ಲೇಶ್ವರ ಸಿಡಿಯಿತು. ‘ಬೆಳಗಿನ ರಾಗವನ್ನು ಬೆಳಗ್ಗೆಯೇ ಹಾಕಿದ್ದೇನೆ, ನಿಮ್ಮ ಸೂರ್ಯ ಮುಳುಗಿದರೆ ನಾನೇನು ಮಾಡಲಿ?’ ಎಂದು ಅವರು. ಹೊತ್ತನ್ನು ಎಣಿಸಬೇಕಾದದ್ದು ಹಾಡಿದವರ ಊರಿನಿಂದಲೋ, ಕೇಳುವವರ ಊರಿನಿಂದಲೋ, ಅಡ್ಮಿನ್ ಇರುವ ಊರಿನಿಂದಲೋ? ಕೊನೆಗೆ ಅಡ್ಮಿನ್ ತೀರ್ಪು ಕೊಟ್ಟರು: ಯಾರು ಯಾವಾಗ ಬೇಕಾದರೂ ಹಾಕಬಹುದು, ಆದರೆ ಭಾರತೀಯ ಕಾಲಮಾನದ ಪ್ರಕಾರವೇ ಮೆಚ್ಚತಕ್ಕದ್ದು. ಅಷ್ಟು ಹೊತ್ತಿಗೆ ಅಹೀರ್ ಭೈರವ ಎಷ್ಟು ಮಂದಿಯ ಕಿವಿಗೆ ಬಿತ್ತು ಎಂದು ಕೇಳಬೇಡಿ.

ರಾತ್ರಿ ಎಂಟಕ್ಕೆ ತೋಡಿ ವಿಸ್ತರಿಸಿಯೂ ನೆಮ್ಮದಿಯಾಗಿ ನಿದ್ದೆ ಮಾಡುವ ಕರ್ನಾಟಕ ಸಂಗೀತದವರಿಗೆ ಈ ತಾಪತ್ರಯವಿಲ್ಲ. ಅವರ ಕಾಯಿಲೆ ಬೇರೆ. 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗೆ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ನೋಡಿ. ವಿದ್ವಾಂಸರು ಆಲಾಪನೆಗೆ ಬಾಯಿ ತೆರೆದು ಎರಡು ಸ್ವರ ಹಿಡಿದಿರುವುದಿಲ್ಲ, ಮೂರನೇ ಸಾಲಿನ ಯಜಮಾನರು ಹೆಂಡತಿಯ ಕಡೆ ಬಾಗಿ ‘ದರ್ಬಾರ್’ ಎನ್ನುತ್ತಾರೆ. ‘ಅಲ್ಲ ರೀ, ನಾಯಕಿ’ ಎಂದು ಆಕೆ. ಹಿಂದಿನ ಸಾಲಿನವರು ತಮ್ಮ ಮತ ಸೇರಿಸುತ್ತಾರೆ. ಬಹುಮತದಿಂದ ರಾಗ ತೀರ್ಮಾನವಾದ ಕೂಡಲೇ ಫೋನು ಜೇಬಿನಿಂದ ಹೊರಗೆ: ‘ಕೋಟೆ ಮೈದಾನದಿಂದ ನೇರವಾಗಿ, ಎಂಥಾ ನಾಯಕಿ!’ ಅದನ್ನು ಟೈಪಿಸಿ, ತಿದ್ದಿ, ವೇದಿಕೆಯ ಚಿತ್ರ ಸೇರಿಸಿ, ಬಂದ ಉತ್ತರಗಳಿಗೆಲ್ಲ ಕೈ ಮುಗಿಯುವ ಚಿಹ್ನೆ ಒತ್ತಿ ತಲೆ ಎತ್ತಿದರೆ, ಎಂಥಾ ನಾಯಕಿಯೋ ಅದು ಮುಗಿದು ಕೃತಿಯ ಚರಣ ನಡೆಯುತ್ತಿದೆ. ತನಿ ಆವರ್ತನ ಶುರುವಾದ ಮೇಲಂತೂ ಕೇಳುವುದೇ ಬೇಡ. ಮೃದಂಗದವರು ಮೊದಲ ಪೆಟ್ಟು ಹಾಕುತ್ತಿದ್ದಂತೆ ಅರ್ಧ ಚಪ್ಪರ ಎದ್ದು ತಿಂಡಿ ಸಾಲಿನಲ್ಲಿ ನಿಲ್ಲುತ್ತದೆ. ‘ತನಿಯಂತೂ ಅದ್ಭುತ’ ಎಂಬ ಸಂದೇಶ ಹೊರಡುವುದು ಅಲ್ಲಿಂದಲೇ, ಎಣ್ಣೆಗೈಯಲ್ಲೇ.

ಹೀಗೆ ವರ್ಷವಿಡೀ ಗಳಿಸಿದ ಮರ್ಯಾದೆಗೆ ಡಿಸೆಂಬರಿನಲ್ಲಿ ಗಂಡಾಂತರ. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಎಂಬ ಹಾಡಿನ ಆ್ಯಪ್ ವರ್ಷದ ಕೊನೆಗೆ ಪ್ರತಿಯೊಬ್ಬರ ಜಾತಕ ತೆಗೆದು ಕೈಗಿಡುತ್ತದೆ. ಅದರ ಲೆಕ್ಕದಲ್ಲಿ ಒಂದು ಹಾಡು 30 ಸೆಕೆಂಡು ಓಡಿದರೆ ಕೇಳಿದ ಹಾಗೆ. ನಮ್ಮ ‘ಆಹಾ’ ವೀರರಿಗೆ ಹೋಲಿಸಿದರೆ ಕಂಪ್ಯೂಟರೇ ಕಟ್ಟುನಿಟ್ಟು. ಜನವರಿಯಿಂದ ಗೌಡ್ ಮಲ್ಹಾರ್, ಬಿಹಾಗಡಾ ಎಂದು ಗಂಟಲು ಹರಿದುಕೊಂಡ ನಿವೃತ್ತ ಅಧಿಕಾರಿಯೊಬ್ಬರ ಜಾತಕದಲ್ಲಿ ಮೊದಲ ಐದೂ ಹಾಡುಗಳು ‘ಪ್ರೇಮಲೋಕ’ದವು! 1987ರಲ್ಲಿ ಹಂಸಲೇಖ ಕೊಟ್ಟ ಹಾಡುಗಳು, ಕೇಳಿದರೆ ಏನು ತಪ್ಪು? ತಪ್ಪಿಲ್ಲ. ಆದರೂ ಅವರು ‘ಮೊಮ್ಮಗಳು ಫೋನು ಹಿಡಕೊಂಡಿದ್ದಳು’ ಎಂದರು. ಮೊಮ್ಮಗಳಿಗೆ ನಾಲ್ಕು ವರ್ಷ. ಆ ಸಿನಿಮಾದ ನಾಯಕ ರವಿಚಂದ್ರನ್ ಯಾರೆಂದು ಆ ಮಗುವಿಗೆ ಈಗಲೂ ತಿಳಿಯದು. ಈ ವರ್ಷ ಅವರು ಜಾಣರಾಗಿದ್ದಾರೆ. ಯಾರ ಕಣ್ಣಿಗೂ ಬೀಳದಂತೆ ಕೇಳುವ ‘ಪ್ರೈವೇಟ್ ಸೆಷನ್’ ಎಂಬ ಸೌಲಭ್ಯ ಆ ಆ್ಯಪಿನಲ್ಲೇ ಇದೆ ಎಂದು ಅಳಿಯ ತೋರಿಸಿಕೊಟ್ಟಿದ್ದಾನೆ. ಒಂದು ಕಾಲದಲ್ಲಿ ಕದ್ದು ಸಿಗರೇಟು ಸೇದುತ್ತಿದ್ದ ಟೆರೇಸಿನಲ್ಲೇ ಈಗ ಕದ್ದು ಹಂಸಲೇಖ.

ಸಿನಿಮಾ ಎಂದರೆ ಮೈಲಿಗೆ ಎನ್ನುವ ಇವರಿಗೆ ಭೀಮಸೇನ ಜೋಶಿಯವರೊಬ್ಬರು ದೊಡ್ಡ ತೊಡಕು. 1956ರ ಹಿಂದಿಯ ‘ಬಸಂತ್ ಬಹಾರ್’ನಲ್ಲಿ ಮನ್ನಾ ಡೇ ಜೊತೆ, 1966ರ ಕನ್ನಡದ ‘ಸಂಧ್ಯಾರಾಗ’ದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ, ಯಾವ ಅಳುಕೂ ಇಲ್ಲದೆ ಹಾಡಿ ಬಂದವರು ಅವರು. ಹಾಡಿದವರಿಗಿಲ್ಲದ ಮೈಲಿಗೆ ಕೇಳುವವರಿಗೆ ಮೆತ್ತಿಕೊಂಡಿದೆ.

ಕೇಳುವುದಕ್ಕಿಂತ ಸಾರುವುದೇ ಮುಖ್ಯವಾದ ಈ ಚಟ ಮೊಬೈಲಿನಿಂದ ಬಂತು ಎಂದು ಮೊಬೈಲನ್ನು ಬೈಯುವುದು ಅನ್ಯಾಯ. 1957ರಲ್ಲಿ ವಿವಿಧ ಭಾರತಿ ಶುರುವಾದ ಮೇಲೆ ಝುಮ್ರಿ ತಲೈಯಾ ಎಂಬ ಊರು ದೇಶಕ್ಕೆಲ್ಲ ಪರಿಚಯವಾದದ್ದು ಅಲ್ಲಿನ ಅಭ್ರಕದ ಗಣಿಗಳಿಂದಲ್ಲ, ಹಾಡು ಕೋರಿ ಬರೆಯುತ್ತಿದ್ದ ಕಾಗದಗಳಿಂದ. ಕೋರಿದವರ ಹೆಸರುಗಳನ್ನು ಓದುವಾಗ ಇಡೀ ಮನೆ ಉಸಿರು ಬಿಗಿ ಹಿಡಿದು ಕೂರುತ್ತಿತ್ತು, ಹಾಡು ಬಂದಾಗ ಎಲ್ಲರೂ ಎದ್ದು ತಂತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಅದಕ್ಕೂ ಹಿಂದೆ, 1902ರಲ್ಲಿ, ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಯ ಕಹಳೆಯ ಮುಂದೆ ಹಾಡಿದ ಗೌಹರ್ ಜಾನ್ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿ ಮುಗಿಸುತ್ತಿದ್ದರು. ಆದರೆ ಆಕೆ ಮೂರು ನಿಮಿಷ ಹಾಡಿದ ಮೇಲೆ ಹೆಸರು ಹೇಳಿದರು. ನಮ್ಮವರು ಮೂರು ನಿಮಿಷ ಕೇಳುವ ಮೊದಲೇ ತಮ್ಮ ಹೆಸರು ಹೇಳುತ್ತಾರೆ.

ಗದಗಿನಲ್ಲಿ ಒಬ್ಬ ಹುಡುಗ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿದ. ಸ್ಟೇಟಸ್ ಹಾಕಲಿಲ್ಲ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಖಾನರ ಶಿಷ್ಯ ಸವಾಯಿ ಗಂಧರ್ವರ ಕುಂದಗೋಳದ ಮನೆಯಲ್ಲಿ ಕಲಿಯಲು ನಿಂತ. ಆ ಹುಡುಗನೇ ಭೀಮಸೇನ. ಎಲ್ಲರೂ ಮನೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಬಿಟ್ಟರೆ ಬೆಂಗಳೂರಿನ ಬಾಡಿಗೆ ಗೊತ್ತೇ ಇದೆ.

ಕೇಳಿದ್ದನ್ನು ಹಂಚಿಕೊಳ್ಳುವುದು ಹೇಗೆಂದು ತಿಳಿಯಬೇಕಾದರೆ ಮೈಸೂರಿನ ಜಯಚಾಮರಾಜ ಒಡೆಯರನ್ನು ನೋಡಬೇಕು. ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿಗಳನ್ನು ರಚಿಸಿದ ಅರಸರು ಪಾಶ್ಚಾತ್ಯ ಸಂಗೀತದಲ್ಲೂ ಮುಳುಗಿದವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರ ಲಂಡನ್ನಿನಲ್ಲಿ ವಯಸ್ಸಾಗಿ, ಕಾಯಿಲೆ ಬಿದ್ದು, ಯಾರೂ ವಿಚಾರಿಸದೆ ಕೂತಿದ್ದರು. ಅವರ ಸಂಗೀತ ಅರಸರಿಗೆ ಹಿಡಿಸಿತು. 1949ರಲ್ಲಿ ಮೆಟ್ನರ್ ಸೊಸೈಟಿ ಕಟ್ಟಿ, ಹಣ ಕೊಟ್ಟು, ಮೆಟ್ನರ್ ಅವರಿಂದಲೇ ಪಿಯಾನೊ ನುಡಿಸಿ ಎಚ್‌ಎಂವಿಯಲ್ಲಿ ರೆಕಾರ್ಡ್ ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಮರುವರ್ಷ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಹಾಡಲ್ಪಟ್ಟಾಗ ಅದರ ಖರ್ಚಿಗೂ ಹೆಗಲು ಕೊಟ್ಟವರು ಇದೇ ಅರಸರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಮುದ್ರಿಸಿಕೊಂಡ ತಟ್ಟೆಗಳನ್ನು ಮೈಸೂರಿಗೆ ತರಿಸಿಕೊಂಡು ಕೇಳಿದರು. ಸಭಾಂಗಣದಲ್ಲಿ ಇರದೆಯೂ ಕೇಳಿದವರು ಅವರು. ಕೋಟೆ ಮೈದಾನದ ಮೂರನೇ ಸಾಲಿನಲ್ಲಿದ್ದೂ ಕೇಳದವರು ನಾವು.

ಅರಸರಿಗೆ ಅರಮನೆಯಿತ್ತು, ಖಜಾನೆಯಿತ್ತು, ನಮಗೇನಿದೆ ಎನ್ನಬಹುದು. ನಮಗೂ ಅಪಾರ್ಟ್‌ಮೆಂಟಿದೆ, ಪಿಂಚಣಿಯಿದೆ, ಎರಡು ಕಾರಿವೆ. ಆದರೂ ಊರಿನ ಎಳೆಯ ಗಾಯಕಿಯ ಕಛೇರಿಗೆ ಇನ್ನೂರು ರೂಪಾಯಿ ಟಿಕೆಟ್ ಎಂದ ಕೂಡಲೇ ನಮ್ಮ ಬಾಯಿಂದ ಹೊರಡುವ ಮೊದಲ ಮಾತು: ‘ಪಾಸ್ ಏನಾದ್ರೂ ಸಿಗುತ್ತಾ?’ ಸಿಗದಿದ್ದರೆ, ‘ಯೂಟ್ಯೂಬಲ್ಲಿ ಹಾಕ್ತಾರಲ್ಲ, ನೋಡಿದ್ರಾಯ್ತು.’ ಯೂಟ್ಯೂಬಲ್ಲಿ ಹಾಕಿದ ಮೇಲೆ ಗುಂಪಿಗೊಂದು ಲಿಂಕು, ಒಂದು ನಿಮಿಷದೊಳಗೆ ಒಂದು ‘ಆಹಾ’.

ಆದ್ದರಿಂದ ರಸಿಕ ಮಹಾಶಯರಲ್ಲಿ ಒಂದೇ ವಿನಂತಿ. ನೀವು ಸದ್ಯ ಏನು ಕೇಳುತ್ತಿದ್ದೀರಿ ಎಂಬುದು ನಮಗೆಲ್ಲ ಗೊತ್ತಾಗಿದೆ, ಇನ್ನು ಹೇಳಬೇಕಾಗಿಲ್ಲ. ಈ ಶನಿವಾರ ನಿಮ್ಮ ಬಡಾವಣೆಯಲ್ಲಿ ಎಲ್ಲಾದರೂ ಕಛೇರಿ ಇದ್ದೇ ಇರುತ್ತದೆ. ಟಿಕೆಟ್ ಕೊಂಡು ಒಳಗೆ ಹೋಗಿ, ಫೋನನ್ನು ಚಪ್ಪಲಿಯ ಜೊತೆ ಹೊರಗೇ ಬಿಡಿ, ತನಿ ಆವರ್ತನ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ವಡೆ ಆಮೇಲೂ ಸಿಗುತ್ತದೆ.