ನಿರ್ಣಾ ದ್ವೀಪಲಂಘನ ಮೀಮಾಂಸೆ

ಶಾಸ್ತ್ರ ಬರೆಯುವವರು ಮೊದಲು ಹೆಸರಿನ ಬೇರು ಹಿಡಿದು ಜಗ್ಗುತ್ತಾರೆ. ನಾವೂ ಜಗ್ಗೋಣ. ನಿರ್ಣಾ ಎಂಬ ನಮ್ಮ ಊರ ಹೆಸರಿನ ಬಗ್ಗೆ ವಿದ್ವಾಂಸರಲ್ಲಿ, ಅಂದರೆ ಬೆಳಿಗ್ಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂರುವ ನಾಲ್ವರಲ್ಲಿ, ನಾಲ್ಕು ಪಕ್ಷಗಳಿವೆ. ಮೊದಲನೆಯವರ ಪ್ರಕಾರ ಕನ್ನಡದ ‘ನೀರು’, ಹಿಂದಿಯ ‘ನಾ’ ಕೂಡಿ ನಿರ್ಣಾ, ನೀರಿಲ್ಲದ ಊರು. ಎರಡನೆಯವರು ಗಡಿಯಾಚೆಯಿಂದ ಹೆಣ್ಣು ತಂದವರು. ಅವರಿಗೆ ಅದು ಮರಾಠಿಯ ‘ಆಣಾ’. ‘ನೀರ್ ಆಣಾ’, ನೀರು ತನ್ನಿ. ಮನೆಯಲ್ಲಿ ದಿನಾ ಬೆಳಿಗ್ಗೆ ಈ ಮಾತು ಕಿವಿಗೆ ಬೀಳುವುದರಿಂದ ಅವರ ಬಳಿ ಶಬ್ದಪ್ರಮಾಣವೂ ಇದೆ. ಮೂರನೆಯವರು ನಳದ ಮೇಲೆ ಭರವಸೆ ಕಳೆದುಕೊಳ್ಳದವರು. ‘ನೀರ್ ಆನಾ’, ಅಂದರೆ ನೀರು ಬರುವುದಿದೆ, ಎನ್ನುತ್ತಾರೆ. ಯಾವಾಗ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ. ನಾಲ್ಕನೆಯವರು ಸಂಸ್ಕೃತ ಓದಿದವರು. ನಿರ್ ಮತ್ತು ಋಣ ಕೂಡಿ ನಿರ್ಣಾ, ಸಾಲವಿಲ್ಲದ ಊರು. ಇದನ್ನು ಕೇಳಿದಾಗ ಮಿಕ್ಕ ಮೂವರೂ ಬಸಿ ಕೆಳಗಿಟ್ಟು ನಗುತ್ತಾರೆ.

ಇದು ಬೆಂಚಿನ ಭಾಷಾಶಾಸ್ತ್ರ. ಶಾಸನದ ಆಧಾರ ಕೇಳುವವರು ಮುಂದಿನ ಬಸ್ಸು ಹತ್ತಬಹುದು. ನಮಗೆ ಬೇಕಾದದ್ದು ಫಲಿತಾಂಶ. ಮೂರು ಕಡೆ ನೀರು, ಒಂದು ಕಡೆ ಸಾಲ. ಭೂಗೋಳದ ಪುಸ್ತಕ ಇಂಥದ್ದನ್ನು ಪರ್ಯಾಯದ್ವೀಪ ಎನ್ನುತ್ತದೆ.

ಈ ಮೀಮಾಂಸೆಗೆ ಕಾರಣನಾದ ಪೂರ್ವಪಕ್ಷಿ ನಮ್ಮ ಓಣಿಯವನೇ. ಹೈದರಾಬಾದಿನಲ್ಲಿ ನೌಕರಿ. ಥಾಯ್ಲೆಂಡಿಗೆ ಹೋಗಿ ಬಂದವನು ಹಬ್ಬಕ್ಕೆ ಊರಿಗೆ ಬಂದಾಗ ಮೊಬೈಲು ತೆಗೆದು ಮುನ್ನೂರು ಫೋಟೊ ತೋರಿಸಿದ. ನೀಲಿ ನೀರು, ಬಿಳಿ ಮರಳು, ಪ್ರತಿ ಫೋಟೊದ ತುದಿಯಲ್ಲೂ ಅವನವೇ ಎರಡು ಪಾದ. ‘ಇದಕ್ಕ ಐಲ್ಯಾಂಡ್ ಹಾಪಿಂಗ್ ಅಂತಾರ ಕಾಕಾ. ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕ ಜಿಗಿಯೋದು. ಅದಕ್ಕ ಟ್ರಾಪಿಕಲ್ ದೇಶಕ್ಕೇ ಹೋಗಬೇಕು ನೋಡ್ರಿ, ಇಲ್ಲಿ ಆಗಲ್ಲ.’

‘ಇಲ್ಲಿ ಆಗಲ್ಲ’ ಎಂಬ ಎರಡು ಪದಗಳ ಖಂಡನೆಯೇ ಮುಂದಿನ ಗ್ರಂಥ.

ಟ್ರಾಪಿಕಲ್ ಎಂದರೆ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನದು. ಕರ್ಕಾಟಕ ವೃತ್ತ ಉತ್ತರಕ್ಕೆ 23½ ಡಿಗ್ರಿಯಲ್ಲಿದೆ. ನಿರ್ಣಾ 18ಕ್ಕೂ ಕೆಳಗೆ. ಕಡಲತೀರದ ಅಂಗಿಗಳಿಗೆಲ್ಲ ಹೆಸರು ಕೊಟ್ಟ ಹವಾಯಿಯ ಹೊನಲುಲು 21ರಲ್ಲಿದೆ. ಅಂದರೆ ಹವಾಯಿಗಿಂತ ನಾವು ಹೆಚ್ಚು ಟ್ರಾಪಿಕಲ್. ವರ್ಷಕ್ಕೆ ಎರಡು ಸಲ, ಮೇ ಎರಡನೆಯ ವಾರದಲ್ಲಿ ಮತ್ತು ಆಗಸ್ಟ್ ಆರಂಭದಲ್ಲಿ, ಸೂರ್ಯ ನಮ್ಮ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಆಗಸ್ಟಿನದು ಮೋಡದ ಮರೆಯಲ್ಲಿ ಆಗಿಹೋಗುತ್ತದೆ. ಮೇ ತಿಂಗಳ ಆ ಮಧ್ಯಾಹ್ನ ಮಾತ್ರ ದನ ಕಟ್ಟುವ ಗೂಟಕ್ಕೆ ನೆರಳೇ ಇರುವುದಿಲ್ಲ. ಸೂರ್ಯಸ್ನಾನಕ್ಕೆ ಅಲ್ಲಿ ದುಡ್ಡು ಕೊಡಬೇಕು. ಇಲ್ಲಿ ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳಿಗೆ ದಿನಗೂಲಿ ಕೊಟ್ಟು ಮಾಡಿಸುತ್ತಾರೆ. ಯಾವ ದೇಶದ ಪ್ರವಾಸೋದ್ಯಮ ಇಷ್ಟು ಉದಾರ?

ಇನ್ನು ದ್ವೀಪ. ಸುತ್ತಲೂ ನೀರಿರಬೇಕು ಎಂದು ಶಾಲೆಯಲ್ಲಿ ಕಲಿಸಿದ್ದು ಅರ್ಧಸತ್ಯ. ಶಬ್ದವನ್ನು ಬಿಡಿಸಿದರೆ ದ್ವಿ ಮತ್ತು ಅಪ್. ಎರಡು ಕಡೆ ನೀರು. ಅಪ್ ಹೋಗಿ ಈಪ್ ಆಗುವುದಕ್ಕೆ ಪಾಣಿನಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ. ಹೀಗಿರುವಾಗ ಜುಲೈ ತಿಂಗಳಲ್ಲಿ ಎರಡೂ ಬದಿ ತುಂಬಿದ ತಗ್ಗಿನ ನಡುವೆ ಹಾಲಿನ ಕ್ಯಾನು ಕಟ್ಟಿಕೊಂಡು ಮೋಟಾರ್‌ಸೈಕಲ್ ಓಡಿಸುವವನು ಪಾಣಿನಿಯ ಒಪ್ಪಿಗೆಯಿಂದಲೇ ದ್ವೀಪದ ಮೇಲೆ ಹೋಗುತ್ತಿದ್ದಾನೆ.

ಆದರೆ ಲಂಘನಕ್ಕೆ ಒಂದು ದ್ವೀಪ ಸಾಲದು, ಸ್ತೋಮ ಬೇಕು. ಅದು ನಮ್ಮ ಕಿರಾಣಿ ಅಂಗಡಿಯ ಮುಂದಿದೆ. ಎರಡು ಒಳ್ಳೆಯ ಮಳೆಯಾದರೆ ಅಲ್ಲಿ ಹನ್ನೆರಡು ಹೆಜ್ಜೆ ಅಗಲದ ಸಮುದ್ರ ನಿಲ್ಲುತ್ತದೆ. ರಸ್ತೆಯಿಂದ ಅಂಗಡಿಯ ಕಟ್ಟೆಯವರೆಗೆ ನಾಲ್ಕು ದ್ವೀಪಗಳು. ಮೊದಲನೆಯದು ಅರ್ಧ ಸವೆದ ಬೀಸುಕಲ್ಲು. ಅದರ ನಡುವಿನ ಕುಳಿಯಲ್ಲಿ ಅಂಗೈಯಷ್ಟು ತಿಳಿನೀರು ನಿಂತಿರುತ್ತದೆ. ಹೊರಗೆ ರಾಡಿ, ಒಳಗೆ ತಿಳಿ. ಲಕ್ಷದ್ವೀಪದಲ್ಲಿ ಹವಳದ ಬಳೆಯೊಳಗೆ ಕಾಣುವ ಲಗೂನು ಇದೇ. ಎರಡನೆಯದು ಯಾರೋ ಹೊರಗೆ ಬಿಟ್ಟು ಮಳೆಗೆ ನೆನೆದು ಕಲ್ಲಾದ ಸಿಮೆಂಟು ಚೀಲ. ಚೀಲ ಹರಿದು ಹೋಗಿದೆ, ಅದರ ಹೊಲಿಗೆಯ ಗುರುತು ಮಾತ್ರ ಕಲ್ಲಿನ ಮೇಲೆ ಉಳಿದಿದೆ. ಮೂರನೆಯದು ಒಂದರ ಮೇಲೊಂದು ಇಟ್ಟ ಎರಡು ಇಟ್ಟಂಗಿ, ಭೂಕಂಪ ವಲಯ. ನಾಲ್ಕನೆಯದು ಟ್ರ್ಯಾಕ್ಟರಿನ ಹಳೆಯ ಟೈರು, ಅದರಲ್ಲಿ ಸುರುಳಿ ಸುತ್ತಿ ಮಲಗಿರುವ ಕೆಂದ ನಾಯಿ. ಲಕ್ಷದ್ವೀಪದ 36ರಲ್ಲಿ ಜನವಸತಿ ಇರುವುದು ಹತ್ತಕ್ಕೆ ಮಾತ್ರ, ಅಲ್ಲಿಗೆ ಹೋಗಲು ಪರವಾನಗಿ ಬೇಕು. ನಮ್ಮಲ್ಲಿ ವಸತಿಯಿರುವುದು ಈ ಟೈರಿಗೊಂದಕ್ಕೆ. ಪರವಾನಗಿ ನಾಯಿಯ ಕೈಯಲ್ಲಿ. ಒಂದು ಪಾರ್ಲೆ ಬಿಸ್ಕತ್ತಿಗೆ ಕೊಡುತ್ತದೆ.

ನಾಲ್ಕೇ ದ್ವೀಪವೇ ಎಂದು ಮೂಗು ಮುರಿಯಬಾರದು. ದ್ವೀಪಗಣತಿ ಯಾವಾಗಲೂ ಜಾರುವ ವಿದ್ಯೆ. ಫಿಲಿಪೀನ್ಸಿನವರು ಎಷ್ಟೋ ವರ್ಷ 7,107 ಎಂದು ಹೇಳಿಕೊಂಡು ಬಂದು, 2016ರಲ್ಲಿ ಮತ್ತೆ ಎಣಿಸಿ 7,641 ಎಂದರು. ನಮ್ಮಲ್ಲೂ ಅಡ್ಡ ಮಳೆ ಬಿದ್ದ ಮರುದಿನ ಹನ್ನೊಂದರವರೆಗೆ ಎಣಿಸಿದ್ದುಂಟು. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಹೀಗಾಗಿ ದ್ವೀಪಗಳು ಏಳುತ್ತವೆ, ಮುಳುಗುತ್ತವೆ, ಕೆಲವು ನಮ್ಮ ಬಲಗಾಲಿನ ಚಪ್ಪಲಿಯನ್ನು ಒಳಗಿಟ್ಟುಕೊಂಡು ಮುಳುಗುತ್ತವೆ. ಲಂಘನದ ಉತ್ತಮ ಮಾದರಿ ನೋಡಬೇಕಾದರೆ ಓಣಿಯ ಆಯಿಯನ್ನು ನೋಡಬೇಕು. ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದರಲ್ಲಿ ಒಳ್ಳೆಣ್ಣೆಯ ಬಾಟಲಿ, ಬಾಯಲ್ಲಿ ಅಂಗಡಿಯವನಿಗೆ ಬೈಗಳು. ಬೀಸುಕಲ್ಲು, ಸಿಮೆಂಟು, ಇಟ್ಟಂಗಿ, ಟೈರು. ನಾಯಿ ಕಣ್ಣು ಕೂಡ ತೆರೆಯುವುದಿಲ್ಲ.

ಪುಳಿನವಿಹಾರದ ವಿಷಯಕ್ಕೆ ಬಂದರೆ, ಇದನ್ನು ಶಾಸ್ತ್ರವಾಗಿ ಬರೆದಿಟ್ಟದ್ದೇ ನಮ್ಮ ಸೀಮೆ. ಹುಮನಾಬಾದಿನಲ್ಲಿ ಬಸ್ಸು ಬದಲಿಸಿದರೆ ಕಲ್ಯಾಣ. ಅಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಅರಸನಾದವನು ಹೇಗೆ ಆಡಬೇಕು, ಉಣ್ಣಬೇಕು, ಕಾಲ ಕಳೆಯಬೇಕು ಎಂಬುದರಲ್ಲಿ ಅವನು ಬಿಟ್ಟ ವಿಷಯವಿಲ್ಲ. ಸಲಿಲಕ್ರೀಡೆ ಎಂದು ನೀರಾಟ, ವಾಲುಕಾಕ್ರೀಡೆ ಎಂದು ಮರಳಾಟ, ಮತ್ಸ್ಯವಿನೋದ ಎಂದು ಗಾಳ ಹಾಕುವ ವಿದ್ಯೆ. ಕಡಲಿನವೂ ಹೊಳೆಯವೂ ಸೇರಿ ಮೂವತ್ತೈದರಷ್ಟು ಬಗೆಯ ಮೀನುಗಳ ವಿವರ. ಕಡಲಿನಿಂದ ಇಷ್ಟು ದೂರ ಕೂತು ಕಡಲ ಮೀನು ಎಣಿಸಿದ ಈ ದೊರೆಯೇ ನಮ್ಮ ಶಾಖೆಯ ಆದಿಗುರು. ಅವನ ವಾಲುಕಾಕ್ರೀಡೆ ಇಂದಿಗೂ ನಿಂತಿಲ್ಲ. ಯಾರದೋ ಅರ್ಧ ಕಟ್ಟಿದ ಮನೆ, ಮುಂದೆ ಒಂದು ಟಿಪ್ಪರ್ ಮರಳು. ಸಂಜೆ ಐದಕ್ಕೆ ಓಣಿಯ ಹುಡುಗರೆಲ್ಲ ಅದರ ಮೇಲೆ. ಪಾದ ಹುಗಿದು, ಮೇಲೆ ಹಸಿ ಮರಳು ತಟ್ಟಿ, ಮೆಲ್ಲಗೆ ಕಾಲು ಎಳೆದರೆ ಗುಬ್ಬಿಮನಿ. ಮಾಲೀಕ ಬೈಕಿನ ಹಾರ್ನು ಹೊಡೆದರೆ ತೀರ ಖಾಲಿ. ಮರಳಿನ ರೇಟು ಗೊತ್ತಿರುವವರು ಅವನನ್ನು ತಪ್ಪೆನ್ನಲಾರರು.

ತಿಳಿದವರು ಕಡಲು ಬಿಟ್ಟು ನಮ್ಮ ಕಡೆಗೇ ಬಂದಿದ್ದಾರೆ ಎಂಬುದಕ್ಕೆ ಚರಿತ್ರೆಯ ಸಾಕ್ಷಿಯೂ ಇದೆ. ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿಟಿನ್ 15ನೇ ಶತಮಾನದಲ್ಲಿ ಹೊರ್ಮುಜ್ ದ್ವೀಪ ನೋಡಿ, ಹಡಗಿನಲ್ಲಿ ಒಂದು ಕುದುರೆಯೊಂದಿಗೆ ಚೌಲ್ ಬಂದರಿಗೆ ಇಳಿದ. ಕೊಂಕಣದ ಕಡಲತೀರದಲ್ಲಿ ಕಾಲು ಚಾಚಿ ಕೂರಬಹುದಿತ್ತು. ಕೂರಲಿಲ್ಲ, ಘಟ್ಟ ಹತ್ತಿ ಬೀದರಿಗೆ ಬಂದು ಕುದುರೆ ಮಾರಿದ. ಅವನ ಪ್ರವಾಸಕಥನಕ್ಕೆ ಹೆಸರೇ ಮೂರು ಸಮುದ್ರಗಳಾಚೆಯ ಯಾತ್ರೆ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಗೋವಾವನ್ನೇ ಗೆದ್ದ. ಗೆದ್ದು ಅಲ್ಲಿ ಚಾಪೆ ಹಾಸಲಿಲ್ಲ. ಅವನ ಮದರಸಾ ಇರುವುದು ಬೀದರಿನಲ್ಲಿ.

ಇಷ್ಟಾದರೂ ಪೂರ್ವಪಕ್ಷಿಯ ಬಾಯಿ ಮುಚ್ಚಲಿಲ್ಲ. ಕ್ಷೇತ್ರಕಾರ್ಯ ಅನಿವಾರ್ಯವಾಯಿತು. ಡಿಸೆಂಬರಿನಲ್ಲಿ ಒಂದು ಕ್ರೂಸರ್ ಬಾಡಿಗೆಗೆ ಹಿಡಿದು ಹನ್ನೊಂದು ಜನ ಹೊರಟೆವು. ದಪ್ಪ ಬಟ್ಟೆಯಲ್ಲಿ ಕಟ್ಟಿದ ಇನ್ನೂರು ಕಟಕ ರೊಟ್ಟಿ, ಶೇಂಗಾ ಹಿಂಡಿಯ ಎರಡು ಡಬ್ಬಿ, ಸಮುದ್ರ ನೋಡದ ನಮ್ಮ ದೊಡ್ಡಪ್ಪ. ಲೆಕ್ಕ ಹಾಕಿದರೆ ನಮಗೆ ಕರ್ನಾಟಕದ ಕಡಲಿಗಿಂತ ಆಂಧ್ರದ ಕಡಲು ಹತ್ತಿರ. ಪುಣೆಯಿಂದ ಹೊರಟ 65ನೇ ಹೆದ್ದಾರಿ ಹುಮನಾಬಾದನ್ನು ಹಾದು ನೇರ ಮಚಲಿಪಟ್ನಂಗೆ ಹೋಗಿ ನಿಲ್ಲುತ್ತದೆ. ಡ್ರೈವರ್ ಅದನ್ನೇ ಹೇಳಿದ. ದೊಡ್ಡಪ್ಪ ಒಪ್ಪಲಿಲ್ಲ. ‘ನೋಡೋದಿದ್ರ ನಮ್ಮ ರಾಜ್ಯದ ಸಮುದ್ರ ನೋಡಮು. ಮಂದಿ ಸಮುದ್ರ ನಮಗ್ಯಾಕ?’

ಹೀಗಾಗಿ ಮಲ್ಪೆ, ಸುಮಾರು ಏಳು ನೂರು ಕಿಲೋಮೀಟರು. ಪುರಾಣದಲ್ಲಿ ಜಂಬೂದ್ವೀಪದಿಂದ ಹೊರಟವರಿಗೆ ಮೊದಲು ಉಪ್ಪಿನ ಸಮುದ್ರ, ಆಮೇಲೆ ಕಬ್ಬಿನ ಹಾಲು, ಸುರೆ, ತುಪ್ಪ, ಮೊಸರು, ಹಾಲು, ಕೊನೆಗೆ ಸಿಹಿನೀರು. ಜಗತ್ತಿನ ಮೊದಲ ದ್ವೀಪಪ್ರವಾಸದ ಪಟ್ಟಿ ಇದೇ ಇರಬೇಕು. ನಮ್ಮ ಅನುಭವದಲ್ಲಿ ಕ್ರಮ ತಿರುವುಮುರುವು. ಹುಮನಾಬಾದಿನಲ್ಲೇ ಕಬ್ಬಿನ ಹಾಲು ಸಿಕ್ಕಿತು. ಹೆದ್ದಾರಿಯ ಉದ್ದಕ್ಕೂ ಸುರಾಸಮುದ್ರದ ಬೋರ್ಡುಗಳು. ದೊಡ್ಡಪ್ಪನ ಭಯಕ್ಕೆ ಯಾರೂ ಇಳಿಯಲಿಲ್ಲ. ಮೊಸರು ಖಾನಾವಳಿಯಲ್ಲಿ. ತುಪ್ಪವೆಂದು ಕೊಟ್ಟದ್ದು ತುಪ್ಪವಾಗಿರಲಿಲ್ಲ. ಉಪ್ಪಿನ ಸಮುದ್ರ ಕಂಡದ್ದು ಮರುದಿನ, ಘಟ್ಟ ಇಳಿದ ಮೇಲೆ.

ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ದೋಣಿ. ಅಲ್ಲಿಯೂ ದ್ವೀಪಗಳು ನಾಲ್ಕೇ, ಅಂಗಡಿ ಮುಂದಿನಷ್ಟೇ. ದೊಡ್ಡ ದೋಣಿ ದಂಡೆಗೆ ತಾಗುವುದಿಲ್ಲ, ನೀರಿನಲ್ಲೇ ಚಿಕ್ಕ ದೋಣಿಗೆ ಇಳಿಸುತ್ತಾರೆ. ಎರಡೂ ಅಲುಗುತ್ತಿದ್ದವು. ಬೂಟು ಹಾಕಿದ ಪ್ಯಾಟಿ ಮಂದಿ ಕಂಬಿ ಹಿಡಿದು ಚೀರುತ್ತಿರುವಾಗ ದೊಡ್ಡಪ್ಪ ಚಪ್ಪಲಿ ಕಂಕುಳಲ್ಲಿ ಸಿಕ್ಕಿಸಿ, ಧೋತರ ಎತ್ತಿ, ಇಟ್ಟಂಗಿಯಿಂದ ಟೈರಿಗೆ ದಾಟಿದಂತೆ ದಾಟಿಬಿಟ್ಟ. ಲೈಫ್ ಜಾಕೆಟ್ಟಿನ ಹುಡುಗ ಕೈ ಚಾಚಿದ್ದು ಚಾಚಿದಂತೆಯೇ ಉಳಿಯಿತು. ತರಬೇತಿ ಎಲ್ಲಿ ಆಯಿತೆಂದು ಅವನಿಗೆ ಹೇಗೆ ತಿಳಿಯಬೇಕು!

ದ್ವೀಪದಲ್ಲಿ ಹಾಸುಮರಳಿಗಿಂತ ಚಿಪ್ಪುಗಳು ಹೆಚ್ಚು. ಮುಂದೆ ಮೂಲೆ ಮೂಲೆಯಾಗಿ ಕೊರೆದಂತೆ ನಿಂತ ಕಲ್ಲಿನ ಕಂಬಗಳು. ಲಾವಾರಸ ಆರುವಾಗ ಬಿರಿದು ಹಾಗೆ ಆಗಿದೆ, ಸುಮಾರು 8.8 ಕೋಟಿ ವರ್ಷದ ಹಿಂದಿನದು, ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದ್ದು. ದೊಡ್ಡಪ್ಪ ಒಂದು ಚಿಪ್ಪು ಆರಿಸಿ ಕಂಬಕ್ಕೆ ಕುಟ್ಟಿ ನೋಡಿದ. ‘ನಮ್ಮ ಬಾವಿ ತೋಡುವಾಗ ಇಂಥದೇ ಕರಿಕಲ್ಲು ಹತ್ತಿತ್ತು.’ ತಪ್ಪು ಹೇಳಲಿಲ್ಲ. ನಮ್ಮ ಸೀಮೆಯ ಮಣ್ಣಿನ ಕೆಳಗಿರುವುದೂ ಆರಿದ ಲಾವಾರಸವೇ, ಸುಮಾರು 6.6 ಕೋಟಿ ವರ್ಷದ್ದು. ಲೆಕ್ಕ ಹೇಳಿದೆ. ‘ಹಂಗಾರ ಇದು ನಮ್ಮ ಕಲ್ಲಿಗೆ ಅಣ್ಣ ಆಗಬೇಕು’ ಎಂದು ಕಂಬದ ಮೇಲಿಂದ ಕಾಲು ಕೆಳಗಿಳಿಸಿದ.

ಆಮೇಲೆ ನೀರಿಗೆ ಹೋಗಿ ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ, ಉಗುಳಿದ. ‘ಸೌಳ ಅದಾ.’ ಸ್ವಲ್ಪ ಹೊತ್ತು ದಿಗಂತದವರೆಗೆ ನೋಡಿದ. ‘ಇಷ್ಟ್ ಇದ್ದು ಒಂದು ಎಕರೆ ಜ್ವಾಳಕ್ಕ ಬಿಡಲಾಕ ಬರಲ್ಲ, ಒಂದು ತಂಬಗಿ ಕುಡೀಲಾಕ ಬರಲ್ಲ. ಇದಕ್ಕ ನೀರಂತ ಯಾಕ ಅನ್ನಬೇಕು ತಮ್ಮಾ? ಇದು ನೀರಲ್ಲ.’

ಚಹಾದಂಗಡಿಯ ನಾಲ್ಕು ಪಕ್ಷಗಳಿಗೆ ಐದನೆಯದು ಹೀಗೆ ಸೇರಿತು. ನೀರ್, ನಾ, ನೀರಲ್ಲದ್ದು. ಈ ನಿರ್ವಚನದ ಪ್ರಕಾರ ನಿರ್ಣಾ ಎಂಬುದು ಅರಬ್ಬಿ ಸಮುದ್ರದ ಹೆಸರು, ನಮ್ಮ ಊರಿಗೆ ಅದು ತಪ್ಪಿ ಬಂದದ್ದು. ಥಾಯ್ಲೆಂಡಿನಿಂದ ಬಂದವನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವನು ಒಂದು ನಿಮಿಷ ಸುಮ್ಮನಿದ್ದು, ಅಲ್ಲಿಯೂ ಕುಡಿಯುವ ನೀರು ಬಾಟಲಿಯದೇ ಇತ್ತು ಎಂದು ಒಪ್ಪಿಕೊಂಡ.

ಕೊನೆಗೆ ಓದುಗರಲ್ಲಿ ಅರಿಕೆ. ಮಳೆಗಾಲದಲ್ಲಿ ಕಡಲು ಎದ್ದಿರುತ್ತದೆ, ಮಲ್ಪೆಯಿಂದ ಆ ದ್ವೀಪಗಳಿಗೆ ದೋಣಿ ಬಿಡುವುದಿಲ್ಲ. ನಮ್ಮವು ತೆರೆಯುವುದೇ ಆಗ. ಜುಲೈ, ಆಗಸ್ಟಿನಲ್ಲಿ ಬನ್ನಿ. ಬಿಳಿ ಪ್ಯಾಂಟು ಬೇಡ, ಹಳೆ ಚಪ್ಪಲಿ ಇರಲಿ, ಜೇಬಿನಲ್ಲಿ ಒಂದು ಬಿಸ್ಕತ್ತು. ಒಂದು ದಿನ ಮುಂಚೆ ತಿಳಿಸಿದರೆ ರೊಟ್ಟಿ ಬಡಿದು ಇಡುತ್ತೇವೆ. ಮೂರನೆಯ ದ್ವೀಪದ ಮೇಲೆ ಪೂರ್ತಿ ಭಾರ ಹಾಕಬೇಡಿ, ಮೇಲಿನ ಇಟ್ಟಂಗಿ ಅಲುಗುತ್ತದೆ.