ಗಾಣದ ವಸ್ತಿ ಎಲ್ಲಿತ್ತು, ಕಾಕಾ?

ಕಾಕಾ, ಚಹಾ ಕುಡದಾತೇನ್ರಿ? ಹಂಗಾದ್ರ ಬೇಲಿ ಹತ್ರ ಬರ್ರಿ, ಈ ನಕಾಶಿ ಒಂದ್ ಮಗ್ಗಲ ಹಿಡೀರಿ. ಗಾಳಿಗೆ ನಿಲ್ಲವಲ್ಲದು.

ನೀವು ಮೊನ್ನೆ ಹೇಳಿದ್ರಲ್ಲ, ಹಳ್ಳದ ಆಚಿ ದಂಡಿಗೆ ಗಾಣದ ವಸ್ತಿ ಇತ್ತು, ಕಬ್ಬಿನ ಸುಗ್ಗಿ ಬಂತಂದ್ರ ಮಂದಿ ಹೆಂಡ್ರು ಮಕ್ಕಳ ಸಮೇತ ಅಲ್ಲೇ ಗುಡಿಸಲಾ ಹಾಕ್ಕೊಂಡು ಇರತಿದ್ರು ಅಂತ. ಅವತ್ತಿನಿಂದ ಅದ ವಿಚಾರ ತಲಿಯಾಗ ಕುಂತೈತಿ. ಹೋಗಿ ನೋಡಿದ್ರ ಎದಿಮಟ್ಟ ಕಬ್ಬು ಬಿಟ್ರ ಏನೂ ಇಲ್ಲ. ಅದಕ್ಕ ಹಳೇ ನಕಾಶಿ ಹುಡಿಕ್ಕೊಂಡು ತಂದೀನಿ.

ಇದು ಸರ್ವೇ ಆಫ್ ಇಂಡಿಯಾದ ಹಳೇ ಹಾಳಿ, 47 ಎಲ್ ಒಳಗಿಂದು. ವಸ್ತಿ ಕೆಂಪು, ನೀರು ನೀಲಿ, ಸಾಗುವಳಿ ಹಳದಿ. ಒಂದು ಮೈಲು ನೆಲ ಕಾಗದದ ಮ್ಯಾಲ ಒಂದು ಇಂಚು. ನಿಮ್ಮ ಗಾಣದ ಜಾಗ ನೂರು ಅಡಿ ಇತ್ತು ಅಂತ ತಿಳೀರಿ, ಇದರೊಳಗ ಅದು ಅರ್ಧ ಮಿಲಿಮೀಟರ್ ಆಗತೈತಿ. ಪೆನ್ಸಿಲ್ ಮೊನಿ ಇಟ್ರ ಮುಚ್ಚಿ ಹೋತು. ಅದ್ರಾಗ ಮೋಜಣಿ ಮಂದಿ ಗಾಣಾ ಬಿಚ್ಚಿದ ಮ್ಯಾಲ ಬಂದಿದ್ರ ಅವರಿಗೆ ಕಂಡದ್ದು ಬರೇ ಖಾಲಿ ಹೊಲ.

"ಹಂಗಾದ್ರ ಸಿಗೂದಿಲ್ಲ ಬಿಡೋ ತಮ್ಮಾ."

ಬಿಡೂ ಮಾತಲ್ರಿ ಇದು. ದೊಡ್ಡ ಗಿರಣಿ ಆದ್ರ ಹುಡುಕೂ ತ್ರಾಸ ಇಲ್ಲ. ಗೋಕಾಕ ಫಾಲ್ಸ್ ತಗೋರಿ: ಕಂಪನಿ ಹುಟ್ಟಿದ್ದು 1885, ಗಿರಣಿ ಸುರು ಆದದ್ದು 1887. ಮುಂಬೈ ಸರಕಾರದ ಬೆಳಗಾವಿ ಗ್ಯಾಜೆಟಿಯರ್ ಅಚ್ಚಾದದ್ದು 1884. ಅಂದ್ರ ಆ ಪುಸ್ತಕದಾಗ ಗಿರಣಿ ಹುಡುಕಿದ್ರ ಸಿಗೂದಿಲ್ಲ, ಅದಕ್ಕ ಮುಂದಿನ ನಕಾಶಿನ ಬೇಕು. ಹಿಡಕಲ್ ಹಿನ್ನೀರಿನ ಹುನ್ನೂರಂತೂ ಇನ್ನೂ ಚೊಲೊ. ಊರು ಮುಳುಗಿದ್ರೂ ಬ್ಯಾಸಗಿಯೊಳಗ ನೀರು ಇಳೀತಂದ್ರ ವಿಠ್ಠಲನ ಗುಡಿ ಕಾಣತೈತಿ, ಮಂದಿ ನೋಡಾಕ ಹೋಗತಾರ. ನಮ್ಮ ಗಾಣದ ವಸ್ತಿಗೆ ಗುಡಿನೂ ಇಲ್ಲ, ಕಂಪನಿ ಹೆಸರೂ ಇಲ್ಲ. ಅಲ್ಲಿ ಬೆಲ್ಲ ಕಾಸಿದವರು ನಮ್ಮ ಮಂದಿನ ಅಲ್ಲೇನ್ರಿ? ಅವರು ಇದ್ದ ಜಾಗ ಇದ ಅಂತ ಬೆರಳಿಟ್ಟು ತೋರಸಾಕ ಆಗವಲ್ಲದು ಅಂದ್ರ ನನಗ ಸಂಕಟ ಆಗತೈತಿ.

ಈಗ ಇದನ್ನ ನೋಡ್ರಿ, ಊರ ನಕಾಶಿ. ಇದರೊಳಗ ಜೀವ ಐತಿ. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಅಂತ ಮೂವರು ಸಾಹೇಬರ 1847ರ ವರದಿ ಮ್ಯಾಲ ಮುಂಬೈ ಇಲಾಖೆ ಮೋಜಣಿ ನಿಂತದ್ದು. ಮೂವತ್ತಮೂರು ಅಡಿ ಸರಪಳಿ. ಆ ಸರಪಳಿ ಉದ್ದ, ಅಷ್ಟ ಅಗಲ ಇದ್ರ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಇವತ್ತಿಗೂ ನಮ್ಮ ಉತಾರದಾಗ ಅದ ಲೆಕ್ಕ ಓಡತೈತಿ. ಇದರೊಳಗ ಸರ್ವೇ ನಂಬರ ಬ್ಯಾರೆಬ್ಯಾರೆ, ಬಾಂದಗಲ್ಲು, ಬಾವಿ, ಗಾಡಿ ದಾರಿ ಎಲ್ಲಾ ಐತಿ. ಗಾಣ ಅಂತ ಬರದಿಲ್ಲ ಖರೆ. ಆದ್ರ ಗಾವಠಾಣದಿಂದ ಇಷ್ಟು ದೂರ, ಬರೇ ಹೊಲದ ನಡುವ, ಮೂರು ಗಾಡಿ ದಾರಿ ಬಂದು ಒಂದ ಬಾವಿ ಹತ್ರ ಕೂಡ್ಯಾವು ನೋಡ್ರಿ. ಹೊಲಕ್ಕ ಹೋಗೂ ದಾರಿ ಆದ್ರ ಹೊಲದಾಗ ಮುಗೀತಿತ್ತು. ಮೂರು ಕಡಿಯಿಂದ ಗಾಡಿ ಯಾಕ ಬರತಿದ್ವು?

ಕಾಕಾ ಕನ್ನಡಕ ಏರಿಸಿ ಬಗ್ಗಿದರು. "ಆ ಬಾವಿಗೆ ಕಪಲಿ ಇತ್ತೋ. ಬಾವಿ ಬಡಗಲಕ್ಕ ಗಾಣಾ ಹೂಡತಿದ್ರು, ಅದರ ಬಾಜೂಕ ಒಲಿ. ಹಗಲಿ ಎತ್ತು ತಿರಗತಿದ್ವು, ರಾತ್ರಿ ಕಡಾಯಿ ಕುದೀತಿತ್ತು. ಪೆಂಟಿ ಬೆಲ್ಲ ಬಿಸಿ ಇದ್ದಾಗ ನಮಗ ಎಲಿ ಮ್ಯಾಲ ಹಾಕಿ ಕೊಡತಿದ್ರು."

ಇದನ್ನ ಯಾವ ನಕಾಶಿ ಹೇಳತೈತ್ರಿ? ಉಗಾರದ ಸಕ್ಕರಿ ಕಂಪನಿ 1939ರಾಗ ಹುಟ್ಟಿತು, ಮುಂದ ಸಂಕೇಶ್ವರದ ಹಿರಣ್ಯಕೇಶಿ, ಚಿಕ್ಕೋಡಿಯ ದೂಧಗಂಗಾ. ಕಬ್ಬು ಟ್ರ್ಯಾಕ್ಟರ್ ಏರಿ ಅತ್ತ ಹೊಂಟ ಮ್ಯಾಲ ಹಳ್ಳದ ದಂಡಿ ಗಾಣಕ್ಕ ಕೆಲಸ ಉಳೀಲಿಲ್ಲ. ಕಬ್ಬು ಹೆಚ್ಚಾದಷ್ಟೂ ಗಾಣಾ ಕಡಿಮಿ ಆದ್ವು.

ಆದ್ರ ಒಲಿ ಪೂರಾ ಹೋಗೂದಿಲ್ರಿ. ವರ್ಷಾನುವರ್ಷ ಸುಟ್ಟ ಮಣ್ಣು ಇಟ್ಟಂಗಿಗತೆ ಕೆಂಪ ಹೆಂಟಿ ಆಗಿರತೈತಿ. ನಮ್ಮ ಎರಿ ಹೊಲದ ಕರೇ ಮಣ್ಣಿನ್ಯಾಗ ಅದು ಎದ್ದು ಕಾಣತೈತಿ, ನೇಗಿಲಾ ಎಷ್ಟು ಸಲ ಹೊಡದ್ರೂ ಪುಡಿ ಆಗಿ ಅಲ್ಲೇ ಬಿದ್ದಿರತೈತಿ. ಮೊಬೈಲಿನ ದಿಶಾಂಕ್ ಆ್ಯಪ್ ತಗದ್ರ ನಿಂತ ಜಾಗದ ಸರ್ವೇ ನಂಬರ ತೋರಸತೈತಿ, ಈ ನಕಾಶಿಗೆ ತಾಳಿ ಹಾಕಿ ನೋಡೂಣು. ಬಾವಿ ಮುಚ್ಚಿದ್ದರೂ ನಂಬರ ತಪ್ಪೂದಿಲ್ಲ. ಅಲ್ಲಿಂದ ಬಡಗಲಕ್ಕ ಎಷ್ಟು ಹೆಜ್ಜಿ ಅನ್ನೂದು ಮಾತ್ರ ನೀವ ಹೇಳಬೇಕು.

"ಹೊಲದವರು ಏನ್ ಅಂತಾರೋ?"

ನಾ ಕೇಳೀನ್ರಿ, ಬರ್ರಿ ಅಂದಾರ. ಆದ್ರ ದಿನಾ ನೋಡಿ ಹೋಗಬೇಕು. ಕಬ್ಬು ಕಡಿಯೂ ಗ್ಯಾಂಗ್ ಎದ್ದ ಮ್ಯಾಲ, ರವದಿಗೆ ಬೆಂಕಿ ಹಚ್ಚೂ ಮೊದಲ ಹೋಗೂಣು. ಹಚ್ಚಿದ್ರ ಹೊಲ ಎಲ್ಲಾ ಕರ್ರಗಾಗತೈತಿ, ಹಳೇ ಬೂದಿ ಯಾವುದು, ಈ ವರ್ಷದ್ದು ಯಾವುದು ಗೊತ್ತಾಗೂದಿಲ್ಲ. ನಾ ಗಾಡಿ ತರತೀನಿ, ನೀವು ಹಿಂದ ಕುಂದ್ರಿ ಸಾಕು.